ಮಾಫಿ ಇಲ್ಲದವರಿಗೆ ಪೆರೋಲಾದರೂ ಸಿಗಲಿ

ಸಂಪಾದಕರಿಗೆ,

ಮಾನ್ಯರೆ,

ಗಾಂಜಾ ಪ್ರಕರಣಗಳಲ್ಲಿ ಹತ್ತು ವರ್ಷ, ಅದಕ್ಕೂ ಹೆಚ್ಚಿನ ಶಿಕ್ಷೆ ಅನುಭವಿಸುತ್ತಿರುವವರಿಗೆ ಪೆರೋಲ್ ಕೊಡಕೂಡದು ಎಂಬ ಅಭಿಪ್ರಾಯ ನಮ್ಮ ಭಾಗದಲ್ಲಿ ಈಗ ಯಾರೂ ಪ್ರಶ್ನಿಸದ ಅಭಿಪ್ರಾಯವಾಗಿಬಿಟ್ಟಿದೆ. ಪತ್ರಿಕೆಯಲ್ಲಿ ಬಂಧನದ ಸುದ್ದಿ ಬಂದ ದಿನ ಚಹದಂಗಡಿಯಿಂದ ಹಿಡಿದು ವಕೀಲರ ಸಂಘದ ಕಟ್ಟೆಯವರೆಗೂ ‘ಇಂಥವರನ್ನು ಒಳಗೇ ಕೊಳೆಸಬೇಕು’ ಎನ್ನುವವರೇ ಹೆಚ್ಚು. ವಿಜಯಪುರದಲ್ಲಿ ವಕೀಲಿ ವೃತ್ತಿ ಮಾಡಿಕೊಂಡು, ಕಾನೂನು ನೆರವಿನ ಪ್ರಕರಣಗಳ ನಿಮಿತ್ತ ಇಲ್ಲಿನ ದರ್ಗಾ ಜೈಲಿಗೂ ಬೆಳಗಾವಿಯ ಹಿಂಡಲಗಾ ಜೈಲಿಗೂ ಹೋಗಿಬರುವ ನನಗೆ, ಈ ಅಭಿಪ್ರಾಯ ಕಾನೂನಿಗೂ ಹೊಂದುವುದಿಲ್ಲ, ನ್ಯಾಯಕ್ಕೂ ಹೊಂದುವುದಿಲ್ಲ ಎನ್ನಿಸಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ತುಸು ದೀರ್ಘವಾಗಿದೆ; ವಿಷಯ ಕಾಯ್ದೆಯ ಕಲಮುಗಳಲ್ಲಿ ಸಿಕ್ಕಿಕೊಂಡಿರುವುದರಿಂದ ಅದನ್ನು ಬಿಡಿಸಿ ಹೇಳದೆ ಬೇರೆ ದಾರಿಯಿಲ್ಲ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಮಾದಕ ವಸ್ತುಗಳಿಂದ ಹಾಳಾದ ಮನೆಗಳನ್ನು ನಾನೂ ಕಂಡಿದ್ದೇನೆ. ಕಾಲೇಜಿಗೆ ಹೋಗುವ ಮಗ ಗಾಂಜಾಕ್ಕೆ, ಆಮೇಲೆ ಮಾತ್ರೆಗಳಿಗೆ ಅಂಟಿಕೊಂಡ ಕಾರಣಕ್ಕೆ ಹೊಲ ಮಾರಿದ ತಂದೆ ನನ್ನ ಕಚೇರಿಯಲ್ಲಿಯೇ ಕುಳಿತು ಅತ್ತಿದ್ದಾರೆ. ಮಾರುವವರಿಗೆ, ಅದರಲ್ಲೂ ಹಣ ಹೂಡಿ ಮಾರಿಸುವವರಿಗೆ ಕಠಿಣ ಶಿಕ್ಷೆ ಆಗಬೇಕೆಂಬ ಬಗ್ಗೆ ನನ್ನದು ಭಿನ್ನಾಭಿಪ್ರಾಯವಿಲ್ಲ. ಯಾರನ್ನೂ ಶಿಕ್ಷೆ ಮುಗಿಯುವ ಮೊದಲೇ ಬಿಟ್ಟುಬಿಡಿ ಎಂದೂ ನಾನು ಕೇಳುತ್ತಿಲ್ಲ. ಯಾರ ಮೇಲೂ ಕೈ ಮಾಡದ, ಯಾವ ಆಯುಧವನ್ನೂ ಹಿಡಿಯದ, ಮೊದಲ ಸಲ ಸಿಕ್ಕಿಬಿದ್ದು ಹತ್ತಾರು ವರ್ಷಗಳ ಶಿಕ್ಷೆಗೆ ಒಳಗಾದವನು, ಜೈಲಿನಲ್ಲಿ ವರ್ಷಗಟ್ಟಲೆ ಸರಿಯಾಗಿ ನಡೆದುಕೊಂಡಿದ್ದರೆ, ಮನೆಯ ಕಷ್ಟಕ್ಕೆ ಕೆಲವು ದಿನ ಊರಿಗೆ ಬಂದು ಮತ್ತೆ ಜೈಲಿಗೆ ಮರಳುವ ಅವಕಾಶವನ್ನು ಅವನ ಅಪರಾಧದ ಕಲಮು ನೋಡಿದ ಕೂಡಲೇ ನಿರಾಕರಿಸಬಾರದು ಎಂಬುದಷ್ಟೇ ನನ್ನ ವಾದ.

ಈ ಕೈದಿಗಳಿಗೂ ಉಳಿದ ಸಜಾ ಬಂದಿಗಳಿಗೂ ಇರುವ ವ್ಯತ್ಯಾಸ ಹೊರಗಿನವರಿಗೆ ಅಷ್ಟಾಗಿ ತಿಳಿದಿಲ್ಲ. ಕೊಲೆ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾದವನು 14 ವರ್ಷ ಪೂರೈಸಿದ ಮೇಲೆ ಅವಧಿಪೂರ್ವ ಬಿಡುಗಡೆಗೆ ಅರ್ಹನಾಗುತ್ತಾನೆ. ಸರ್ಕಾರ ಅವನ ನಡತೆಯನ್ನು ಪರಿಶೀಲಿಸಿ ಬಿಡಬಹುದು, ಬಿಡದಿರಬಹುದು, ಆದರೆ ಪರಿಶೀಲಿಸುತ್ತದೆ. ಕಳವು, ವಂಚನೆ, ಹೊಡೆದಾಟದ ಪ್ರಕರಣಗಳಲ್ಲಿ ಶಿಕ್ಷೆಯಾದವರಿಗೆ ಜೈಲಿನಲ್ಲಿ ಮಾಡಿದ ಕೆಲಸಕ್ಕೆ, ಸನ್ನಡತೆಗೆ ತಕ್ಕಂತೆ ದಿನಗಳ ಲೆಕ್ಕದಲ್ಲಿ ಮಾಫಿ, ಅಂದರೆ ಶಿಕ್ಷೆಯ ಅವಧಿಯಲ್ಲಿ ಕಡಿತ ಸಿಗುತ್ತದೆ. ಮಾದಕ ದ್ರವ್ಯ ಮತ್ತು ಮನೋತ್ತೇಜಕ ವಸ್ತುಗಳ ಕಾಯ್ದೆ, ಅಂದರೆ ಎಲ್ಲರೂ ಎನ್‌ಡಿಪಿಎಸ್ ಎಂದು ಕರೆಯುವ 1985ರ ಕಾಯ್ದೆಯಡಿ ಶಿಕ್ಷೆಯಾದವನಿಗೆ ಇದು ಯಾವುದೂ ಇಲ್ಲ. 1989ರ ತಿದ್ದುಪಡಿಯಿಂದ ಸೇರಿದ 32ಎ ಕಲಮು, ಸೇವನೆಗೆ ಸಂಬಂಧಿಸಿದ 27ನೇ ಕಲಮೊಂದನ್ನು ಬಿಟ್ಟು, ಈ ಕಾಯ್ದೆಯ ಯಾವ ಶಿಕ್ಷೆಯನ್ನೂ ಅಮಾನತಿನಲ್ಲಿಡುವಂತಿಲ್ಲ, ಮಾಫಿ ಮಾಡುವಂತಿಲ್ಲ, ಪರಿವರ್ತಿಸುವಂತಿಲ್ಲ ಎನ್ನುತ್ತದೆ. ಗಾಂಜಾದ ಎರಡು ಚೀಲ ಸಾಗಿಸಿ 20 ವರ್ಷದ ಶಿಕ್ಷೆ ಪಡೆದ ಕ್ಲೀನರ್ ಹುಡುಗ ಜೈಲಿನ ಅಡುಗೆಮನೆಯಲ್ಲಿ ಎಷ್ಟೇ ನಿಷ್ಠೆಯಿಂದ ದುಡಿದರೂ, ಎಷ್ಟೇ ಪರೀಕ್ಷೆ ಪಾಸು ಮಾಡಿದರೂ, ಅವನ ಲೆಕ್ಕದಲ್ಲಿ ಒಂದು ದಿನವೂ ಕಡಿಮೆಯಾಗುವುದಿಲ್ಲ. ಪಕ್ಕದ ಬ್ಯಾರಕ್ಕಿನಲ್ಲಿರುವ, ಕೊಲೆ ಮಾಡಿ ಜೈಲಿಗೆ ಬಂದವನು ಅವನಿಗಿಂತ ಮೊದಲೇ ಮನೆಗೆ ಹೋಗುವ ಸಾಧ್ಯತೆ ಕಾನೂನಿನಲ್ಲಿಯೇ ಇದೆ.

ಈ 32ಎ ಬಂದ ಕಾಲವನ್ನು ಗಮನಿಸಿದರೆ ಇನ್ನೊಂದು ವಿಚಿತ್ರ ಕಾಣುತ್ತದೆ. 1985ರ ಮೂಲ ಕಾಯ್ದೆಯಲ್ಲಿ ಗಾಂಜಾ ಹೊಂದಿದ್ದಕ್ಕಾಗಲಿ, ಗಾಂಜಾ ಗಿಡ ಬೆಳೆದದ್ದಕ್ಕಾಗಲಿ ಇದ್ದ ಗರಿಷ್ಠ ಶಿಕ್ಷೆ 5 ವರ್ಷ ಮತ್ತು 50,000 ರೂಪಾಯಿ ದಂಡ. ಹತ್ತರಿಂದ ಇಪ್ಪತ್ತು ವರ್ಷದ ಶಿಕ್ಷೆ ಇದ್ದದ್ದು ಹೆರಾಯಿನ್, ಅಫೀಮು, ಚರಸ್ಸಿನಂಥವುಗಳಿಗೆ. ಅಂದರೆ ಮಾಫಿ ಇಲ್ಲವೆಂಬ ನಿಯಮವನ್ನು ಸಂಸತ್ತು ಮಾಡಿದಾಗ ಮೊದಲ ಸಲ ಸಿಕ್ಕಿಬಿದ್ದ ಗಾಂಜಾದವನ ಪಾಲಿಗೆ ಅದು ಹೆಚ್ಚೆಂದರೆ ಐದು ವರ್ಷದ ಮಾತಾಗಿತ್ತು. 2001ರ ತಿದ್ದುಪಡಿ ಎಲ್ಲ ವಸ್ತುಗಳಿಗೂ ಸಣ್ಣ ಪ್ರಮಾಣ, ಮಧ್ಯಮ ಪ್ರಮಾಣ, ವಾಣಿಜ್ಯ ಪ್ರಮಾಣ ಎಂಬ ಮೂರು ಮೆಟ್ಟಿಲು ಮಾಡಿತು. ಈ ತಿದ್ದುಪಡಿಯನ್ನು ಶಿಕ್ಷೆಯನ್ನು ತರ್ಕಬದ್ಧಗೊಳಿಸಿದ ಕ್ರಮವೆಂದು ಹೊಗಳುವವರಿದ್ದಾರೆ, ಮತ್ತು ಸಣ್ಣ ಪ್ರಮಾಣದವರ ಮಟ್ಟಿಗೆ ಆ ಹೊಗಳಿಕೆ ನ್ಯಾಯವಾದದ್ದೇ. ಆದರೆ ಅದೇ ತಿದ್ದುಪಡಿ 20 ಕೆ.ಜಿ.ಗಿಂತ ಹೆಚ್ಚಿನ ಗಾಂಜಾಕ್ಕೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ, ಜೊತೆಗೆ ಕನಿಷ್ಠ 1 ಲಕ್ಷ ರೂಪಾಯಿ ದಂಡ ಎಂದು ವಿಧಿಸಿತು. ಐದು ಇದ್ದದ್ದು ಇಪ್ಪತ್ತಾಯಿತು. ಐದು ವರ್ಷದ ಕಾಲಕ್ಕೆ ಹೊಲಿದ 32ಎ ಮಾತ್ರ ಹಾಗೆಯೇ ಉಳಿಯಿತು. ಎರಡನೆಯ ಸಲ ವಾಣಿಜ್ಯ ಪ್ರಮಾಣದಲ್ಲಿ ಸಿಕ್ಕಿಬಿದ್ದರೆ 31ನೇ ಕಲಮಿನಡಿ ಈ ಅವಧಿ ಒಂದೂವರೆ ಪಟ್ಟಾಗುತ್ತದೆ, ಅಂದರೆ 30 ವರ್ಷದವರೆಗೆ ಹೋಗಬಹುದು. ಅದರಲ್ಲಿಯೂ ಮಾಫಿ ಇಲ್ಲ.

ತೂಕದ ಈ ಗೆರೆ ಎಷ್ಟು ಒರಟಾದದ್ದು ಎಂಬುದು ನ್ಯಾಯಾಲಯದಲ್ಲಿ ನಿಂತವರಿಗೇ ಗೊತ್ತು. ಸರಿಯಾಗಿ 20 ಕೆ.ಜಿ. ಸಿಕ್ಕಿದ್ದರೆ ನ್ಯಾಯಾಧೀಶರು ಆರೋಪಿಯ ವಯಸ್ಸು, ಬಡತನ, ಪಾತ್ರ ಎಲ್ಲವನ್ನೂ ನೋಡಿ ಎರಡು ವರ್ಷವನ್ನಾದರೂ ಕೊಡಬಹುದು, ಹತ್ತು ವರ್ಷವನ್ನಾದರೂ ಕೊಡಬಹುದು. ಅದಕ್ಕಿಂತ ಒಂದು ಗ್ರಾಂ ಹೆಚ್ಚಾದರೆ ಅವರ ಕೈ ಕಟ್ಟಿಹೋಗುತ್ತದೆ. ಹತ್ತು ವರ್ಷಕ್ಕಿಂತ ಕಡಿಮೆ ಕೊಡುವ ಅಧಿಕಾರವೇ ಅವರಿಗಿಲ್ಲ. ಇನ್ನು ಆ ತೂಕ ಹೇಗೆ ಬರುತ್ತದೆ ಎಂಬುದೂ ನಮ್ಮ ಭಾಗದಲ್ಲಿ ಕೇಳಬೇಕಾದ ಪ್ರಶ್ನೆ. ಇಂಡಿ, ಚಡಚಣ, ಸಿಂದಗಿಯ ಕಡೆ ತೊಗರಿಯ ಸಾಲಿನ ನಡುವೆಯೋ, ರಾಯಬಾಗ, ಗೋಕಾಕದ ಕಡೆ ಕಬ್ಬು, ಅರಿಸಿನದ ಮರೆಯಲ್ಲಿಯೋ ಗಾಂಜಾ ಗಿಡ ಸಿಕ್ಕ ಸುದ್ದಿಯನ್ನು ನಿಮ್ಮ ಓದುಗರು ಓದಿಯೇ ಇರುತ್ತಾರೆ. ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ. ತುದಿಯೊಡನೆ ಸೇರಿರದ ಎಲೆ, ಬೀಜ ಗಾಂಜಾ ಅಲ್ಲ. ಹೊಲದಲ್ಲಿ ನಡೆಯುವುದೇ ಬೇರೆ. ಹಸಿ ಗಿಡವನ್ನು ಬೇರುಸಹಿತ ಕಿತ್ತು, ಕಂತೆ ಕಟ್ಟಿ, ಊರಿನ ಗೊಬ್ಬರದ ಅಂಗಡಿಯಿಂದ ತರಿಸಿದ ತಕ್ಕಡಿಯ ಮೇಲಿಟ್ಟು, ದಂಟು, ಎಲೆ, ಬೇರಿಗಂಟಿದ ಎರೆಮಣ್ಣು ಎಲ್ಲ ಸೇರಿ ಎಷ್ಟು ತೂಗಿತೋ ಅಷ್ಟನ್ನೂ ‘ಹಸಿ ಗಾಂಜಾ’ ಎಂದು ಪಂಚನಾಮೆಯಲ್ಲಿ ಬರೆಯುತ್ತಾರೆ. ಒಣಗಿಸಿ ತುದಿಯನ್ನಷ್ಟೇ ತೂಗಿದರೆ ಅದು ಎಷ್ಟಾಗುತ್ತಿತ್ತೆಂಬುದನ್ನು ಒಕ್ಕಲುತನ ಬಲ್ಲ ಯಾರೂ ಊಹಿಸಬಲ್ಲರು. ಹೈಕೋರ್ಟ್‌ಗಳ ಜಾಮೀನು ಆದೇಶಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಚರ್ಚೆಯಾಗಿದೆ. ಬರೀ ಗಿಡ ಬೆಳೆದ ಆರೋಪಕ್ಕೆ, ಅಂದರೆ 20(ಎ) ಕಲಮಿಗೆ, ಕನಿಷ್ಠ ಶಿಕ್ಷೆ ಎಂಬುದೇ ಇಲ್ಲ. ಗರಿಷ್ಠ 10 ವರ್ಷ. ಆದರೆ ತೂಕ 20 ಕೆ.ಜಿ. ದಾಟಿಸಿ, ಹೊಂದಿದ ಆರೋಪವನ್ನೂ ಸೇರಿಸಿದರೆ ಹತ್ತು ವರ್ಷವೇ ಕನಿಷ್ಠವಾಗುತ್ತದೆ. ಚಿಕ್ಕ ಹಿಡುವಳಿದಾರನೋ, ಹೊಲವನ್ನು ಲಾವಣಿ (ಗೇಣಿ) ಹಾಕಿಕೊಂಡವನೋ ಆದ ಮನುಷ್ಯನಿಗೆ ಈ ವ್ಯತ್ಯಾಸವನ್ನು ಸಕಾಲದಲ್ಲಿ ಎತ್ತಿಹಿಡಿಯುವ ವಕೀಲ ಸಿಕ್ಕರೆ ಪುಣ್ಯ.

ಬೇರೆ ಮಾದಕ ವಸ್ತುಗಳಲ್ಲಿಯೂ ಇದೇ ಕಥೆ. ಹೆರಾಯಿನ್ನಿಗೆ ವಾಣಿಜ್ಯ ಪ್ರಮಾಣ 250 ಗ್ರಾಂ. ಪುಡಿಯಲ್ಲಿ ನಿಜವಾದ ಹೆರಾಯಿನ್ ಎಷ್ಟಿದೆಯೋ ಅಷ್ಟನ್ನೇ ಲೆಕ್ಕ ಹಿಡಿಯಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತ್ತು. 2020ರ ಹೀರಾ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿ, ಬೆರೆಸಿದ ಪುಡಿಯ ಪೂರ್ತಿ ತೂಕವೇ ಲೆಕ್ಕ ಎಂದಿತು. ಆ ತೀರ್ಪನ್ನು ನಾನು ಗೌರವಿಸುತ್ತೇನೆ. ಆದರೆ ತೂಕವೇ ಎಲ್ಲವನ್ನೂ ನಿರ್ಧರಿಸುವ ಪದ್ಧತಿಯಲ್ಲಿ, ಮಾಲು ಯಾರದು, ಲಾಭ ಯಾರಿಗೆ, ಹಿಡಿದವನು ಯಾರು ಎಂಬ ಪ್ರಶ್ನೆಗಳು ಶಿಕ್ಷೆಯ ಹಂತದಲ್ಲಿ ಬೆಲೆ ಕಳೆದುಕೊಳ್ಳುತ್ತವೆ. ಆಂಧ್ರ–ಒಡಿಶಾ ಗಡಿಯ ಕಡೆಯಿಂದ ಸೋಲಾಪುರದತ್ತ ಹೊರಟ ಮಾಲು ನಮ್ಮ ಹೆದ್ದಾರಿಯಲ್ಲಿ ಸಿಕ್ಕಾಗ ನಾನು ಕಂಡ ಆರೋಪಿಗಳಲ್ಲಿ ಬಹುಪಾಲು ಜನ ಚಾಲಕರು, ಕ್ಲೀನರುಗಳು, ಒಂದು ಸಲದ ಸಾಗಣೆಗೆ ಕೂಲಿ ಪಡೆದವರು. ಹಣ ಹೂಡಿದವನಿಗಾಗಿ ಕಾಯ್ದೆಯಲ್ಲಿ 27ಎ ಎಂಬ ಪ್ರತ್ಯೇಕ ಕಲಮಿದೆ. ಮಾಲು ಕಳಿಸಿದವನ ಹೆಸರು ದೋಷಾರೋಪಣ ಪಟ್ಟಿಯಲ್ಲಿ ‘ತಲೆಮರೆಸಿಕೊಂಡ ಆರೋಪಿ’ ಎಂದು ಉಳಿಯುತ್ತದೆ, ಇವನು ಹತ್ತು ವರ್ಷ ಒಳಗಿರುತ್ತಾನೆ.

ಇಷ್ಟು ಬಿಗಿಯಾದ ಕಾಯ್ದೆಯಲ್ಲಿಯೂ ಪೆರೋಲಿಗೆ ಅಡ್ಡಿಯಿಲ್ಲ ಎಂಬುದು ನನ್ನ ಪತ್ರದ ಮುಖ್ಯ ವಿಷಯ. ಮಹಾರಾಷ್ಟ್ರದ ಒಬ್ಬ ಕೈದಿಗೆ 32ಎ ಕಲಮನ್ನು ತೋರಿಸಿ ಪೆರೋಲ್ ನಿರಾಕರಿಸಲಾಗಿತ್ತು. ದಾದು ಅಲಿಯಾಸ್ ತುಳಸೀದಾಸ್ ಎಂಬ ಹೆಸರಿನ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದ ಅಕ್ಟೋಬರಿನಲ್ಲಿಯೇ ವಿಷಯವನ್ನು ಇತ್ಯರ್ಥ ಮಾಡಿದೆ. ಮಾಫಿಯ ಮೇಲಿನ ನಿಷೇಧವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಮೇಲ್ಮನವಿ ನ್ಯಾಯಾಲಯ ಶಿಕ್ಷೆಯನ್ನು ಅಮಾನತಿನಲ್ಲಿಡಬಾರದೆಂಬ ಭಾಗವನ್ನು ಸಂವಿಧಾನಬಾಹಿರವೆಂದು ತೆಗೆದುಹಾಕಿತು. ಪೆರೋಲಿನ ವಿಷಯದಲ್ಲಿ, ಅದು ಶಿಕ್ಷೆಯ ಅಮಾನತೂ ಅಲ್ಲ, ಮಾಫಿಯೂ ಅಲ್ಲ, ಆದ್ದರಿಂದ 32ಎ ಅದನ್ನು ಮುಟ್ಟುವುದೇ ಇಲ್ಲ ಎಂದಿತು. ಪೆರೋಲಿನಲ್ಲಿ ಹೊರಬಂದವನ ಮೇಲೆ ಶಿಕ್ಷೆ ಇದ್ದೇ ಇರುತ್ತದೆ. ಅವನು ಷರತ್ತಿಗೆ ಒಳಪಟ್ಟು, ಗೊತ್ತುಮಾಡಿದ ದಿನಕ್ಕೆ ಮರಳಬೇಕಾದ ಕೈದಿಯೇ ಆಗಿರುತ್ತಾನೆ. ಪೆರೋಲಿನಲ್ಲಿ ಹೊರಗೆ ಕಳೆದ ದಿನಗಳನ್ನು ಅವಧಿಪೂರ್ವ ಬಿಡುಗಡೆಯ 14 ವರ್ಷದ ಲೆಕ್ಕಕ್ಕೆ ಹಿಡಿಯಲಾಗದು ಎಂದು ಗೋವಾದ ನಿಯಮಗಳ ಸಂದರ್ಭದಲ್ಲಿ ಅದೇ ನ್ಯಾಯಾಲಯ 2023ರಲ್ಲಿ ಹೇಳಿದ್ದನ್ನೂ ಇದರ ಜೊತೆಗೆ ಓದಿಕೊಳ್ಳಬೇಕು. ಪೆರೋಲ್ ಎಂದರೆ ಶಿಕ್ಷೆಯಲ್ಲಿ ರಿಯಾಯಿತಿ ಎಂದು ಗಟ್ಟಿಯಾಗಿ ನಂಬಿರುವವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಡ. ದಾದು ಪ್ರಕರಣದಲ್ಲಿ ನ್ಯಾಯಾಲಯ ಪೆರೋಲನ್ನು ಕೈದಿಯ ಹಕ್ಕೆಂದು ಸಾರಲಿಲ್ಲ ಎಂಬುದೂ ನಿಜ. ನಿಯಮಗಳ ಪ್ರಕಾರ ಅಧಿಕಾರಿಗಳು ತೀರ್ಮಾನಿಸಬೇಕು. ತೀರ್ಮಾನಿಸುವುದೆಂದರೆ ಅರ್ಜಿಯನ್ನು ಓದಿ, ಕಾರಣವನ್ನು ತೂಗಿ ನೋಡುವುದು.

ವಾಸ್ತವದಲ್ಲಿ ಹೇಗೆ ನಡೆಯುತ್ತದೆ ಎಂಬುದಕ್ಕೆ ನಾನು ಕಣ್ಣಾರೆ ನೋಡಿದ ಒಂದು ಅರ್ಜಿಯ ವಿಷಯ ಹೇಳುತ್ತೇನೆ. ಊರು, ಹೆಸರು ಬೇಡ. ಲಾವಣಿ ಹಾಕಿಕೊಂಡ ತೊಗರಿ ಹೊಲದಲ್ಲಿ ಗಿಡ ಸಿಕ್ಕು, ಮೇಲೆ ಹೇಳಿದ ರೀತಿಯಲ್ಲಿಯೇ ತೂಕವಾಗಿ, ಹತ್ತು ವರ್ಷ ಶಿಕ್ಷೆಯಾದವನು ಅವನು. ಮೇಲ್ಮನವಿಯಲ್ಲಿಯೂ ಶಿಕ್ಷೆ ಉಳಿಯಿತು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಹರಿದಾಗ ಅವನ ಮಣ್ಣಿನ ಗೋಡೆಯ ಮನೆ ಕುಸಿಯಿತು. ಮನೆಯ ಉತಾರ (ಹಕ್ಕಿನ ದಾಖಲೆ) ಅವನ ಹೆಸರಿನಲ್ಲಿತ್ತು. ಪರಿಹಾರದ ಹಣ ಕಂತುಕಂತಾಗಿ ಬರುವುದು, ಪಾಯ ಹಾಕಿ ಫೋಟೊ ತೆಗೆಸಿದರೇ ಮುಂದಿನ ಕಂತು. ಹೆಂಡತಿ ಎರಡು ಮಕ್ಕಳನ್ನು ಕಟ್ಟಿಕೊಂಡು ಪತ್ರಾಸಿನ (ತಗಡಿನ) ಶೆಡ್ಡಿನಲ್ಲಿದ್ದಳು. ಮನೆ ದುರಸ್ತಿ ಪೆರೋಲಿಗೆ ಎಲ್ಲರೂ ಒಪ್ಪುವ ಕಾರಣ. ಜೈಲಿನ ದಾಖಲೆಯಲ್ಲಿ ಅವನ ನಡತೆಯ ಮುಂದೆ ಒಂದು ಕಪ್ಪುಚುಕ್ಕೆಯೂ ಇರಲಿಲ್ಲ. ಅರ್ಜಿ ಜೈಲಿನಿಂದ ಹೊರಟು, ಪೊಲೀಸ್ ವರದಿಗೆಂದು ಠಾಣೆಗೆ ಹೋಯಿತು. ವರದಿ ಬರಲು ತಿಂಗಳುಗಳೇ ಹಿಡಿದವು. ಬಂದ ವರದಿ ಅರ್ಧ ಪುಟ: ಸದರಿಯವನು ಮಾದಕ ವಸ್ತು ಪ್ರಕರಣದ ಶಿಕ್ಷಿತನಾಗಿದ್ದು, ಬಿಡುಗಡೆ ಮಾಡಿದಲ್ಲಿ ಪುನಃ ಅದೇ ಚಟುವಟಿಕೆಯಲ್ಲಿ ತೊಡಗುವ, ತಲೆಮರೆಸಿಕೊಳ್ಳುವ ಹಾಗೂ ಗ್ರಾಮದಲ್ಲಿ ಶಾಂತಿ ಸುವ್ಯವಸ್ಥೆಗೆ ಧಕ್ಕೆ ಉಂಟಾಗುವ ಸಂಭವವಿರುತ್ತದೆ. ಕೊನೆಯ ಸಾಲಿನಲ್ಲಿ ಇದ್ದದ್ದು ಬೇರೆ ಊರಿನ ಹೆಸರು. ಇನ್ಯಾರದೋ ಅರ್ಜಿಗೆ ಬರೆದ ವರದಿಯಲ್ಲಿ ಮೇಲಿನ ಹೆಸರು ಬದಲಿಸಿ, ಕೆಳಗಿನ ಊರನ್ನು ಬದಲಿಸಲು ಮರೆತಿದ್ದರು. ಅದೇ ವರದಿಯ ಆಧಾರದ ಮೇಲೆ ಅರ್ಜಿ ತಿರಸ್ಕೃತವಾಯಿತು. ಊರಿನ ಪಂಚರನ್ನಾಗಲಿ, ಅಕ್ಕಪಕ್ಕದವರನ್ನಾಗಲಿ ಯಾರೂ ಕೇಳಿರಲಿಲ್ಲ. ಕೇಳಿದ್ದರೆ, ಮನೆ ಕಟ್ಟಲು ಅವನು ಬರಲಿ ಎಂದು ಗ್ರಾಮ ಪಂಚಾಯಿತಿಯ ಸದಸ್ಯರೇ ಪತ್ರ ಬರೆದುಕೊಟ್ಟಿದ್ದು ತಿಳಿಯುತ್ತಿತ್ತು.

ಅಂಥ ತಿರಸ್ಕಾರವನ್ನು ಪ್ರಶ್ನಿಸಲು ದಾರಿ ಇಲ್ಲವೆಂದಲ್ಲ. ಬೆಳಗಾವಿ, ಬಾಗಲಕೋಟೆಯವರು ಧಾರವಾಡದ ಹೈಕೋರ್ಟ್ ಪೀಠಕ್ಕೆ, ವಿಜಯಪುರದವರು ಕಲಬುರಗಿಯ ಪೀಠಕ್ಕೆ ರಿಟ್ ಅರ್ಜಿ ಹಾಕಬಹುದು. ಪೊಲೀಸರ ಯಾಂತ್ರಿಕ ವರದಿಯನ್ನು ಬದಿಗಿಟ್ಟು ಪೆರೋಲಿಗೆ ಆದೇಶಿಸಿದ ಉದಾಹರಣೆಗಳು ಹೈಕೋರ್ಟ್‌ನಲ್ಲಿ ಸಾಕಷ್ಟಿವೆ. ಆದರೆ ದಿನಗೂಲಿಯ ಹೆಣ್ಣುಮಗಳು ಕೂಲಿ ಬಿಟ್ಟು, ಬಸ್ಸು ಹಿಡಿದು, ನೂರೈವತ್ತು ಕಿಲೋಮೀಟರ್ ಆಚೆ ವಕೀಲರನ್ನು ಹುಡುಕಿಕೊಂಡು ಹೋಗಬೇಕಾದದ್ದು ಮನೆಯ ಗೋಡೆ ಕಟ್ಟಿಸಲು ಗಂಡನನ್ನು ಒಂದು ತಿಂಗಳು ಕಳಿಸಿಕೊಡಿ ಎಂದು ಕೇಳುವುದಕ್ಕೆ. ಜಾಮೀನುದಾರರ ವಿಷಯದಲ್ಲಿಯೂ ಹೀಗೆಯೇ. ಹೊಲದ ಉತಾರ ಇಟ್ಟುಕೊಂಡವರು ಇಬ್ಬರು ಬೇಕು ಎಂದರೆ, ಭೂಮಿಯೇ ಇಲ್ಲದ ಕುಟುಂಬ ಯಾರ ಬಾಗಿಲಿಗೆ ಹೋಗಬೇಕು? ಗಾಂಜಾ ಕೇಸಿನವನಿಗೆ ಸಹಿ ಹಾಕಲು ಸ್ವಂತ ಅಣ್ಣತಮ್ಮಂದಿರೇ ಹಿಂಜರಿಯುತ್ತಾರೆ.

ಪೆರೋಲಿಗೆ ಬಿಟ್ಟರೆ ಓಡಿಹೋಗುತ್ತಾರೆ ಎಂಬ ಆತಂಕವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಓಡಿಹೋದವರು ಇದ್ದಾರೆ, ಎಲ್ಲ ಬಗೆಯ ಅಪರಾಧಗಳಲ್ಲಿಯೂ ಇದ್ದಾರೆ. ಗಡುವು ಮೀರಿ ಮರಳದಿದ್ದರೆ ಅದೇ ಬೇರೆ ಅಪರಾಧವಾಗುತ್ತದೆ, ಜಾಮೀನುದಾರರ ಮೇಲೆ ವಸೂಲಿ ಬರುತ್ತದೆ, ಮುಂದೆ ಪೆರೋಲಿನ ಬಾಗಿಲು ಮುಚ್ಚುತ್ತದೆ. ಈ ಅಪಾಯವನ್ನು ತೂಗಲು ಸರಿಯಾದ ಅಳತೆಗೋಲುಗಳೂ ಇವೆ: ಹಿಂದಿನ ಪ್ರಕರಣಗಳೆಷ್ಟು, ಜಾಲದಲ್ಲಿ ಅವನ ಪಾತ್ರವೇನು, ಜೈಲಿನಲ್ಲಿ ಹೇಗಿದ್ದಾನೆ, ಮನೆಯವರು ಅವನನ್ನು ಭೇಟಿ ಮಾಡಲು ಬರುತ್ತಿದ್ದಾರೆಯೇ, ಶಿಕ್ಷೆ ಇನ್ನೆಷ್ಟು ಉಳಿದಿದೆ. ಹಣ ಹೂಡಿದವನು, ಮತ್ತೆ ಮತ್ತೆ ಸಿಕ್ಕಿಬಿದ್ದವನು, ಶಾಲಾ ಮಕ್ಕಳಿಗೆ ಮಾರಿದವನು, ದಾಳಿಯ ವೇಳೆ ಪೊಲೀಸರ ಮೇಲೆ ಕೈ ಮಾಡಿದವನು ಇವರ ಅರ್ಜಿ ತಿರಸ್ಕೃತವಾದರೆ ನನ್ನ ತಕರಾರಿಲ್ಲ. ಆದರೆ ಎಂಟು ವರ್ಷ ಮುಗಿಸಿ ಇನ್ನೆರಡು ವರ್ಷ ಉಳಿಸಿಕೊಂಡ, ಪ್ರತಿ ತಿಂಗಳೂ ಮುಲಾಖತ್ತಿಗೆ ಹೆಂಡತಿ ಬರುವ ಮನುಷ್ಯ ಓಡಿಹೋಗಿ ಜೀವಮಾನವಿಡೀ ಅಡಗಿಕೊಂಡಿರುತ್ತಾನೆಂದು ನಂಬಲು ಏನಾದರೂ ಕಾರಣ ಬೇಕಲ್ಲವೇ? ಬದುಕಿನ ಸಮಸ್ಯೆಗಳನ್ನು ಬಗೆಹರಿಸಿಕೊಳ್ಳಲು, ಸಮಾಜದೊಡನೆ ನಂಟು ಉಳಿಸಿಕೊಳ್ಳಲು ಕೈದಿಗಳಿಗೆ ಪೆರೋಲ್ ಬೇಕು ಎಂದು 2017ರ ಅಸ್ಫಾಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿವರವಾಗಿ ಹೇಳಿದೆ, ಮತ್ತು ಅದು ಭಯೋತ್ಪಾದನೆ ತಡೆಯಲು ಮಾಡಿದ್ದ ಟಾಡಾ ಕಾಯ್ದೆಯಡಿ ಶಿಕ್ಷೆಯಾದವನ ಪ್ರಕರಣ.

ಇದು ನಮ್ಮ ದೇಶದ ಸಮಸ್ಯೆ ಮಾತ್ರವಲ್ಲ. ಅಮೆರಿಕದವರು 1984ರಲ್ಲಿ ಮಾಡಿದ ಕಾಯ್ದೆಯಿಂದ ಒಕ್ಕೂಟ ಸರ್ಕಾರದ ಜೈಲುಗಳಲ್ಲಿ ಪೆರೋಲನ್ನೇ (ಅಲ್ಲಿ ಪೆರೋಲ್ ಎಂದರೆ ಷರತ್ತಿನ ಮೇಲೆ ಅವಧಿಪೂರ್ವ ಬಿಡುಗಡೆ) ರದ್ದುಪಡಿಸಿದರು. 1987ರ ನವೆಂಬರ್ ನಂತರದ ಅಪರಾಧಗಳಿಗೆ ಅದು ಅನ್ವಯವಾಯಿತು. ನಡುವೆ 1986ರಲ್ಲಿ, ನಮ್ಮ ಎನ್‌ಡಿಪಿಎಸ್ ಬಂದ ಮರುವರ್ಷ, ತೂಕದ ಮೇಲೆ ಕನಿಷ್ಠ ಶಿಕ್ಷೆ ನಿಗದಿಪಡಿಸುವ ಕಾಯ್ದೆ ತಂದರು. 5 ಗ್ರಾಂ ಕ್ರ್ಯಾಕ್ (ಸೇದುವ ಹರಳಿನ ರೂಪದ) ಕೊಕೇನಿಗೆ 5 ವರ್ಷ; ಪುಡಿ ಕೊಕೇನಾದರೆ ಅಷ್ಟೇ ಶಿಕ್ಷೆಗೆ 500 ಗ್ರಾಂ ಬೇಕಿತ್ತು. ಕ್ರ್ಯಾಕ್ ಪ್ರಕರಣಗಳಲ್ಲಿ ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಕಪ್ಪು ಜನ. ಈ ನೂರು ಪಟ್ಟಿನ ಅಂತರವನ್ನು 18 ಪಟ್ಟಿಗೆ ಇಳಿಸಲು 2010ರವರೆಗೆ ಕಾಯಬೇಕಾಯಿತು, ಹಳೆಯ ಕೈದಿಗಳಿಗೆ ಅದರ ಪ್ರಯೋಜನ ಕೊಡಲು 2018ರವರೆಗೆ. ಮೊದಲ ಅಪರಾಧಕ್ಕೇ, ಹಿಂಸೆಯ ಆರೋಪವಿಲ್ಲದೆ, 1996ರಲ್ಲಿ ತಪ್ಪಿತಸ್ಥೆಯೆಂದು ತೀರ್ಪಾಗಿ ಜೀವಾವಧಿ ಶಿಕ್ಷೆಗೊಳಗಾಗಿದ್ದ ಆಲಿಸ್ ಮೇರಿ ಜಾನ್ಸನ್ ಎಂಬ ಮಹಿಳೆ ಎರಡು ದಶಕಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದು 2018ರಲ್ಲಿ ಹೊರಬಂದದ್ದು ಅಧ್ಯಕ್ಷರು ಶಿಕ್ಷೆ ತಗ್ಗಿಸಿದ್ದರಿಂದ. ಒಬಾಮ ಕಾಲದಲ್ಲಿ 1,715 ಜನರ ಶಿಕ್ಷೆ ಇಳಿಯಿತು, 2025ರ ಜನವರಿಯಲ್ಲಿ ಬೈಡನ್ ಒಂದೇ ಬಾರಿಗೆ ಸುಮಾರು 2,500 ಜನರ ಶಿಕ್ಷೆ ಇಳಿಸಿದರು. ಪೆರೋಲ್ ಇಲ್ಲದ ಕಡೆ ಎಲ್ಲ ಭಾರ ಕ್ಷಮಾಧಿಕಾರದ ಮೇಲೆ ಬೀಳುತ್ತದೆ, ಅದು ಯಾರಿಗೆ ಸಿಗುತ್ತದೆ ಎಂಬುದು ಅದೃಷ್ಟದ ಮಾತಾಗುತ್ತದೆ. ನಮ್ಮಲ್ಲಿಯೂ ರಾಷ್ಟ್ರಪತಿ, ರಾಜ್ಯಪಾಲರ ಕ್ಷಮಾಧಿಕಾರ ಸಂವಿಧಾನದಿಂದಲೇ ಬಂದದ್ದಾದ್ದರಿಂದ 32ಎ ಅದನ್ನು ಕಸಿಯಲಾರದು. ಆದರೆ ಚಡಚಣದ ಕೂಲಿಕಾರನ ಅರ್ಜಿ ಅಲ್ಲಿಯವರೆಗೆ ತಲುಪುವ ಬಗೆ ನನಗಂತೂ ಕಾಣುವುದಿಲ್ಲ.

ನಮ್ಮ ಸರ್ಕಾರಗಳ ನೆರವಿನ ಯೋಜನೆಗಳಲ್ಲಿ ಕೂಡ ಈ ಕೈದಿಗಳು ಹೊರಗೇ ನಿಲ್ಲುತ್ತಾರೆ. ಜಾಮೀನು ಹಣ, ದಂಡ ಕಟ್ಟಲಾಗದ ಬಡ ಕೈದಿಗಳಿಗೆ ಕೇಂದ್ರ ಸರ್ಕಾರ 2023ರಲ್ಲಿ ತಂದ ಯೋಜನೆಯಲ್ಲಿ ಎನ್‌ಡಿಪಿಎಸ್ ಆರೋಪಿಗಳನ್ನು ಕೈಬಿಡಲಾಗಿದೆ. ಕೋವಿಡ್ ಕಾಲದಲ್ಲಿ ಸುಪ್ರೀಂ ಕೋರ್ಟಿನ ಸೂಚನೆಯಂತೆ ಜೈಲುಗಳ ದಟ್ಟಣೆ ಇಳಿಸಲು ರಚನೆಯಾದ ಸಮಿತಿಗಳಲ್ಲಿ ಹಲವು ರಾಜ್ಯಗಳವು ಇವರನ್ನು ಪರಿಗಣಿಸಲೇ ಇಲ್ಲ. ಒಂದು ಲಕ್ಷದ ದಂಡ ಕಟ್ಟಲಾಗದೆ, ಹತ್ತು ವರ್ಷ ಮುಗಿದ ಮೇಲೆಯೂ ದಂಡದ ಬದಲಿನ ಶಿಕ್ಷೆ ಅನುಭವಿಸುವವರಿದ್ದಾರೆ. ಎಲ್ಲಿ ರಿಯಾಯಿತಿಯ ಪಟ್ಟಿ ತಯಾರಾದರೂ ‘ಎನ್‌ಡಿಪಿಎಸ್ ಹೊರತುಪಡಿಸಿ’ ಎಂಬ ಸಾಲು ತಾನಾಗಿಯೇ ಬಂದು ಕೂರುತ್ತದೆ. ಹಾಗೆ ಬರೆದವರಲ್ಲಿ ಎಷ್ಟು ಜನ 20 ಕೆ.ಜಿ. ಹಸಿ ಗಿಡದವನನ್ನೂ ಕೊಕೇನ್ ಜಾಲದ ದಣಿಯನ್ನೂ ಬೇರೆ ಬೇರೆಯಾಗಿ ಯೋಚಿಸಿರುತ್ತಾರೋ ಗೊತ್ತಿಲ್ಲ.

ರಾಜ್ಯ ಸರ್ಕಾರ ಮಾಡಬಹುದಾದದ್ದು ಬಹಳವಿದೆ, ಅದರಲ್ಲಿ ಬಹುಪಾಲಿಗೆ ಹೊಸ ಕಾಯ್ದೆ ಬೇಡ. ಎನ್‌ಡಿಪಿಎಸ್ ಕಲಮೊಂದನ್ನೇ ಕಾರಣವಾಗಿ ತೋರಿಸಿ ಪೆರೋಲ್ ಅರ್ಜಿಯನ್ನು ತಿರಸ್ಕರಿಸಬಾರದು, ತಿರಸ್ಕರಿಸಿದರೆ ಆ ವ್ಯಕ್ತಿಗೆ ಸಂಬಂಧಿಸಿದ ಕಾರಣವನ್ನು ಬರೆಯಬೇಕು ಎಂದು ಗೃಹ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಅರ್ಧ ಸಮಸ್ಯೆ ಕಡಿಮೆಯಾಗುತ್ತದೆ. ಪೊಲೀಸ್ ವರದಿಗೆ ಗಡುವು ಇರಬೇಕು. ಗಡುವಿನೊಳಗೆ ಬಾರದಿದ್ದರೆ ಜೈಲಿನ ನಡತೆಯ ದಾಖಲೆ ಮತ್ತು ಊರಿನ ಪಂಚಾಯಿತಿಯ ಅಭಿಪ್ರಾಯದ ಮೇಲೆ ತೀರ್ಮಾನವಾಗಬೇಕು. ವರದಿ ಬರೆಯುವವರು ಊರಿಗೆ ಹೋಗಿ ಯಾರನ್ನು ಕೇಳಿದರೆಂಬುದನ್ನು ವರದಿಯಲ್ಲಿಯೇ ನಮೂದಿಸಬೇಕು. ಭೂಮಿಯಿಲ್ಲದವರಿಗೆ ಉತಾರದ ಜಾಮೀನಿನ ಬದಲು ಕುಟುಂಬದವರ ಮುಚ್ಚಳಿಕೆ ಸಾಕೆನ್ನಬೇಕು, ಬೇಕಿದ್ದರೆ ವಾರಕ್ಕೆರಡು ಸಲ ಠಾಣೆಗೆ ಬಂದು ಸಹಿ ಹಾಕುವ ಷರತ್ತು ಇರಲಿ. ಸಾವು, ತೀವ್ರ ಅನಾರೋಗ್ಯದಂಥ ಸಂದರ್ಭದ ತುರ್ತು ಪೆರೋಲಿನಲ್ಲಂತೂ ಅಪರಾಧದ ಹೆಸರು ನೋಡುವ ಪ್ರಶ್ನೆಯೇ ಬರಬಾರದು. ಅನುಮಾನವಿದ್ದರೆ ಬೆಂಗಾವಲಿನಲ್ಲಿ ಕಳಿಸಲಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ನಮ್ಮ ಮೂರು ಜಿಲ್ಲೆಗಳ ಸಂಸದರು ಪಕ್ಷಭೇದ ಬಿಟ್ಟು 32ಎ ಕಲಮನ್ನು ಸಂಸತ್ತಿನಲ್ಲಿ ಪ್ರಶ್ನಿಸಬೇಕು. ಅದನ್ನು ಪೂರ್ತಿ ತೆಗೆಯಲು ಮನಸ್ಸಿಲ್ಲವಾದರೆ, ಹಣ ಹೂಡಿದವರಿಗೆ ಮತ್ತು ಪದೇ ಪದೇ ಅಪರಾಧ ಮಾಡಿದವರಿಗೆ ಮಾತ್ರ ಸೀಮಿತಗೊಳಿಸಲಿ. ಮೊದಲ ಸಲ ಸಿಕ್ಕ ಸಾಗಣೆದಾರ, ಬೆಳೆಗಾರರಿಗೆ ಸನ್ನಡತೆಯ ಮಾಫಿ ಸಿಗಲಿ.

ಕೊನೆಯದಾಗಿ, ಈ ಪತ್ರವನ್ನು ಓದುವ ಕೈದಿಗಳ ಮನೆಯವರಿಗೆ ಒಂದು ಮಾಹಿತಿ. ಬಂಧನದಲ್ಲಿರುವ ಯಾರಿಗೇ ಆದರೂ, ಅಪರಾಧ ಯಾವುದೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ವಕೀಲರ ನೆರವು ಸಿಗುತ್ತದೆ. ಪೆರೋಲ್ ಅರ್ಜಿ ತಿರಸ್ಕೃತವಾಗಿದ್ದರೆ ತಿರಸ್ಕಾರದ ಪತ್ರ, ಶಿಕ್ಷೆಯ ತೀರ್ಪಿನ ಪ್ರತಿ ಮತ್ತು ಪೆರೋಲಿಗೆ ಕೊಟ್ಟ ಕಾರಣದ ದಾಖಲೆಗಳನ್ನು (ವೈದ್ಯರ ಚೀಟಿ, ಮದುವೆ ಕಾರ್ಡು, ಮನೆಯ ಉತಾರ ಏನಿದೆಯೋ ಅದು) ತೆಗೆದುಕೊಂಡು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಿ. ತಿರಸ್ಕಾರದ ಪತ್ರ ಕೈಗೆ ಕೊಟ್ಟಿಲ್ಲವಾದರೆ ಮೊದಲು ಅದರ ಪ್ರತಿಯನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಮತ್ತು ಜೊತೆಗೆ ಪೊಲೀಸ್ ವರದಿಯ ಪ್ರತಿಯನ್ನೂ ಕೇಳಿ, ಅದರಲ್ಲಿ ನಿಮ್ಮ ಊರಿನ ಹೆಸರೇ ಇದೆಯೇ ಎಂದು ನೋಡಿಕೊಳ್ಳಿ.

— ಒಬ್ಬ ವಕೀಲ, ವಿಜಯಪುರ